ನಾಲ್ಕನೇ ವಾರ್ಡಿನ ಅರುಣಾ ಶಾನಭಾಗ

ದಯಾಮರಣದ ಮಾತು ಬಂದಾಗಲೆಲ್ಲ ಈ ದೇಶದಲ್ಲಿ ಉತ್ತರ ಕನ್ನಡದ ಹೆಣ್ಣುಮಗಳೊಬ್ಬರ ಹೆಸರು ಬಂದೇ ಬರುತ್ತದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ 1948ರ ಜೂನ್ 1ರಂದು ಜನಿಸಿದ ಅರುಣಾ ರಾಮಚಂದ್ರ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಅದೇ ಆಸ್ಪತ್ರೆಯಲ್ಲಿ ನಲವತ್ತೊಂದೂವರೆ ವರ್ಷ ರೋಗಿಯಾಗಿ ಮಲಗಿದ್ದು 2015ರ ಮೇ 18ರಂದು ಕೊನೆಯುಸಿರೆಳೆದರು. ಬದುಕಿನ ಕೊನೆಯ ಘಟ್ಟದಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮೊದಲೇ ಬರೆದಿಡುವ ಹಕ್ಕು ಇಂದು ವಯಸ್ಕ ಭಾರತೀಯರಿಗೆಲ್ಲ ಇದೆ. ಆ ಹಕ್ಕಿನತ್ತ ಸಾಗಿದ ಹಾದಿಯ ಮೊದಲ ದೊಡ್ಡ ಮೈಲಿಗಲ್ಲು ಅರುಣಾ ಅವರ ಪ್ರಕರಣ. ಆದರೆ ತಮ್ಮ ವಿಷಯದಲ್ಲಿ ಒಂದು ಮಾತು ಹೇಳುವ ಅವಕಾಶ ಅವರಿಗೇ ದಕ್ಕಲಿಲ್ಲ. ಅವರ ಪರವಾಗಿ ಆಸ್ಪತ್ರೆಯ ಡೀನ್ ಮಾತನಾಡಿದರು, ದಾದಿಯರು ಮಾತನಾಡಿದರು, ಲೇಖಕಿಯೊಬ್ಬರು ಮಾತನಾಡಿದರು. ಕೊನೆಗೆ ಸರ್ವೋಚ್ಚ ನ್ಯಾಯಾಲಯ ಮಾತನಾಡಿತು.

ಅರುಣಾ ಹುಟ್ಟಿದಾಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಅಲ್ಲಿನ ಜನರಿಗೆ ದುಡಿಮೆಯ ಊರೆಂದರೆ ಮುಂಬಯಿಯೇ. ಹೋಟೆಲು, ಗಿರಣಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕೆಲಸ ಹುಡುಕಿಕೊಂಡು ಕರಾವಳಿಯ ಮಕ್ಕಳು ಹೊರಡುತ್ತಿದ್ದ ಆ ದಾರಿಯಲ್ಲೇ ಅರುಣಾ ಕೂಡ ಹೊರಟರು. ಹದಿಹರೆಯ ದಾಟಿದ ಹಳ್ಳಿಯ ಹುಡುಗಿ ಒಬ್ಬಳೇ ಮಹಾನಗರಕ್ಕೆ ಹೋಗಿ ದಾದಿಯ ಕೆಲಸ ಹಿಡಿಯುವುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ.

ಅವರು ಕೆಲಸಕ್ಕೆ ಸೇರಿದ ಕೆಇಎಂ ಆಸ್ಪತ್ರೆ ಪರೇಲ್‌ನಲ್ಲಿದೆ. 1926ರಲ್ಲಿ ಆರಂಭವಾದ ಈ ಆಸ್ಪತ್ರೆಯನ್ನು ಮುಂಬಯಿ ಮಹಾನಗರ ಪಾಲಿಕೆ ನಡೆಸುತ್ತದೆ. ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಇದಕ್ಕೆ ಹೊಂದಿಕೊಂಡಿದೆ. ಸುತ್ತಲೂ ಬಟ್ಟೆ ಗಿರಣಿಗಳಿದ್ದ ಕಾಲದಲ್ಲಿ ಕಾರ್ಮಿಕ ಕುಟುಂಬಗಳಿಗೆ ಇದೇ ದಿಕ್ಕಾಗಿತ್ತು. 1973ರಲ್ಲಿ ಅರುಣಾ ಅವರನ್ನು ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸುತ್ತಿದ್ದ ವಿಭಾಗಕ್ಕೆ ನಿಯೋಜಿಸಲಾಗಿತ್ತು. ಅದೇ ಆಸ್ಪತ್ರೆಯ ಯುವ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿತ್ತು. ಆಗ ಅವರಿಗೆ 25 ವರ್ಷ.

ನವೆಂಬರ್ 27ರ ಸಂಜೆ ಪಾಳಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಇಳಿದಾಗ ಅದೇ ವಿಭಾಗದ ಕಸ ಗುಡಿಸುವ ನೌಕರನೊಬ್ಬ ಅವರ ಮೇಲೆ ಎರಗಿದ. ಕೆಲಸದ ವಿಷಯದಲ್ಲಿ ಅವರು ಗದರಿಸಿದ್ದ ಸೇಡು ಅದೆಂದು ಹೇಳಲಾಗುತ್ತದೆ. ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು, ಲೈಂಗಿಕ ದೌರ್ಜನ್ಯ ಎಸಗಿ, ಮೈಮೇಲಿನ ಒಡವೆ ಕಿತ್ತುಕೊಂಡು ಓಡಿಹೋದ. ಮರುದಿನ ಬೆಳಿಗ್ಗೆ ಏಳೂಮುಕ್ಕಾಲರ ಹೊತ್ತಿಗೆ ಸ್ವಚ್ಛತಾ ಸಿಬ್ಬಂದಿಯೊಬ್ಬರ ಕಣ್ಣಿಗೆ ಬೀಳುವವರೆಗೆ ಅರುಣಾ ಅಲ್ಲೇ ಬಿದ್ದಿದ್ದರು. ಮಿದುಳಿಗೆ ಆಮ್ಲಜನಕ ಹೋಗದೆ ಆಗಬಾರದ ಹಾನಿಯೆಲ್ಲ ಆಗಿಹೋಗಿತ್ತು. ಮಿದುಳ ಕಾಂಡಕ್ಕೂ ಕತ್ತಿನ ಭಾಗದ ಬೆನ್ನುಹುರಿಗೂ ಪೆಟ್ಟಾಗಿತ್ತು. ಕಣ್ಣು ತೆರೆದಿದ್ದರೂ ದೃಷ್ಟಿ ಹೋಗಿತ್ತು, ಮಾತು ನಿಂತಿತ್ತು.

ಅರುಣಾ ಅವರ ಬಗ್ಗೆ ಬೇರೆಯವರು ತೀರ್ಮಾನ ಕೈಗೊಳ್ಳುವುದು ಶುರುವಾದದ್ದು ಆ ದಿನದಿಂದಲೇ. ನಿಶ್ಚಿತಾರ್ಥವಾದ ಹುಡುಗಿಯ ಮಾನದ ಪ್ರಶ್ನೆ ಎಂದು ಆಸ್ಪತ್ರೆಯ ಆಗಿನ ಆಡಳಿತ ಲೈಂಗಿಕ ದೌರ್ಜನ್ಯದ ವಿಷಯವನ್ನು ಪೊಲೀಸರ ಮುಂದೆ ತರಲಿಲ್ಲ. ದೂರು ದಾಖಲಾದದ್ದು ಕೊಲೆ ಯತ್ನ ಮತ್ತು ದರೋಡೆಗೆ. ನಡೆದ ಕೃತ್ಯ ಅಂದಿನ ದಂಡ ಸಂಹಿತೆಯ 375ನೇ ಕಲಮಿನ ವ್ಯಾಖ್ಯೆಯೊಳಗೆ ಬರುತ್ತಲೂ ಇರಲಿಲ್ಲ. ಆ ವ್ಯಾಖ್ಯೆ ವಿಸ್ತಾರಗೊಂಡದ್ದು ದೆಹಲಿಯ ನಿರ್ಭಯಾ ಘಟನೆಯ ನಂತರ, 2013ರಲ್ಲಿ. ಅಪರಾಧಿಗೆ ಏಳು ವರ್ಷದ ಸಜೆಯಾಯಿತು. ಅದನ್ನು ಮುಗಿಸಿ ಅವನು ಹೊರಬಂದ, ಬೇರೆ ಊರಿಗೆ ಹೋಗಿ ಸಂಸಾರ ಹೂಡಿದ. ಅರುಣಾ ಅದೇ ಆಸ್ಪತ್ರೆಯ ನಾಲ್ಕನೇ ವಾರ್ಡಿಗೆ ತಾಗಿದ ಪಕ್ಕದ ಕೋಣೆಯಲ್ಲಿ ಮಲಗಿಯೇ ಇದ್ದರು. ಮದುವೆಯಾಗಬೇಕಿದ್ದ ವೈದ್ಯರು ಕೆಲವು ವರ್ಷ ಬಂದು ಹೋಗುತ್ತಿದ್ದರು, ಆಮೇಲೆ ಅವರ ಬದುಕು ಬೇರೆ ದಾರಿ ಹಿಡಿಯಿತು. ತಂದೆ ತಾಯಿ ತೀರಿಕೊಂಡರು. ಉಳಿದ ಬಂಧುಗಳ ಭೇಟಿ ಕ್ರಮೇಣ ನಿಂತುಹೋಯಿತು. ಇದರಲ್ಲಿ ಯಾರನ್ನೂ ದೂರುವುದು ಸುಲಭವಲ್ಲ. ದಿನಗೂಲಿಯ ಮೇಲೆ, ಸಣ್ಣ ಸಂಬಳದ ಮೇಲೆ ಬದುಕುವ ಮನೆಗಳಲ್ಲಿ ಇಂಥ ರೋಗಿಯನ್ನು ದಶಕಗಳ ಕಾಲ ನೋಡಿಕೊಳ್ಳಲು ಆಗುವುದಿಲ್ಲವೆಂಬುದು ಆಸ್ಪತ್ರೆಗಳಿಗೆ ಓಡಾಡಿದವರಿಗೆಲ್ಲ ಗೊತ್ತು.

ಉಳಿದವರು ದಾದಿಯರು. ಘಟನೆಯ ನಂತರ ಮುಂಬಯಿಯ ದಾದಿಯರು ಮುಷ್ಕರ ಹೂಡಿ ಸಹೋದ್ಯೋಗಿಗೆ ನ್ಯಾಯ ಮತ್ತು ತಮಗೆಲ್ಲ ಸುರಕ್ಷತೆ ಬೇಕೆಂದು ಕೇಳಿದರು. 1980ರ ದಶಕದಲ್ಲಿ ಪಾಲಿಕೆ ಅರುಣಾ ಅವರನ್ನು ಬೇರೆಡೆಗೆ ಸಾಗಿಸಿ ಹಾಸಿಗೆ ಖಾಲಿ ಮಾಡಿಸಲು ಹೊರಟಾಗ ಮತ್ತೆ ಪ್ರತಿಭಟಿಸಿ ಅದನ್ನು ತಡೆದರು. ಅಲುಗಾಡಲಾರದ ರೋಗಿಯನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಹುಣ್ಣು ಕೊಳೆತು ನಂಜೇರಿ ಜೀವಕ್ಕೇ ಮುಳುವಾಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಆರು ತಿಂಗಳಲ್ಲೇ ಅದರ ಅನುಭವವಾಗಿರುತ್ತದೆ. ಅರುಣಾ ಅವರ ಮೈಮೇಲೆ ಅಂಥ ಹುಣ್ಣುಗಳಿಲ್ಲದ್ದನ್ನು ಸರ್ವೋಚ್ಚ ನ್ಯಾಯಾಲಯ ವಿಶೇಷವಾಗಿ ಗಮನಿಸಿತು. ಅನ್ನ, ಬೇಳೆ, ಮೀನು, ಕೋಳಿ ಎಲ್ಲವನ್ನೂ ನುಣ್ಣಗೆ ಮಾಡಿ ಬಾಯಿಗಿಟ್ಟರೆ ನುಂಗುತ್ತಿದ್ದರು. ಇಷ್ಟವಾದುದು ಬಿದ್ದಾಗ ಮುಖದಲ್ಲಿ ನಗೆ ಮೂಡುತ್ತದೆ, ಕೋಣೆಯಲ್ಲಿ ಹೆಚ್ಚು ಜನ ಸೇರಿದರೆ ಕಿರುಚುತ್ತಾರೆ, ಕೈಹಿಡಿದು ನೇವರಿಸಿದರೆ ಶಾಂತರಾಗುತ್ತಾರೆ, ಭಕ್ತಿಗೀತೆ ಹಾಕಿದರೆ ಹಿತವೆನಿಸುತ್ತದೆ ಎಂಬುದು ಆರೈಕೆ ಮಾಡಿದವರ ಅನುಭವ. ಜೂನ್ 1 ಬಂದರೆ ವಾರ್ಡಿನಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದರು. ಅರುಣಾ ಕೆಲಸದಲ್ಲಿದ್ದಾಗ ಇನ್ನೂ ಹುಟ್ಟಿಯೇ ಇರದಿದ್ದ ದಾದಿಯರೂ ಮುಂದೆ ಅವರ ಆರೈಕೆಗೆ ನಿಂತರು.

ಹೊರಗಿನ ಲೋಕಕ್ಕೆ ಇದೆಲ್ಲ ವಿವರವಾಗಿ ತಿಳಿದದ್ದು ಪತ್ರಕರ್ತೆ ಪಿಂಕಿ ವಿರಾನಿ 1998ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅದಕ್ಕೂ ಮೊದಲೇ, 1985ರಲ್ಲಿ, ಗುಜರಾತಿ ಕಾದಂಬರಿಕಾರ ಹರಕಿಸನ್ ಮೆಹ್ತಾ ಈ ದುರಂತವನ್ನು ಎತ್ತಿಕೊಂಡು ಜಡ ಚೇತನ ಎಂಬ ಕಾದಂಬರಿ ಬರೆದಿದ್ದರು. ವಿರಾನಿ ಪುಸ್ತಕಕ್ಕೇ ನಿಲ್ಲಲಿಲ್ಲ. 2009ರಲ್ಲಿ ಅರುಣಾ ಅವರ ಹಿತಚಿಂತಕಿಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರುಣಾ ಬದುಕಿದ್ದೂ ಸತ್ತಂತಿದ್ದಾರೆ, ಚೇತರಿಕೆಯ ಲವಲೇಶ ಆಶೆಯೂ ಇಲ್ಲ, ಆದ್ದರಿಂದ ಆಹಾರ ನೀಡುವುದನ್ನು ನಿಲ್ಲಿಸಿ ನೆಮ್ಮದಿಯಿಂದ ಸಾಯಲು ಬಿಡಬೇಕು ಎಂಬುದು ಅರ್ಜಿಯ ಸಾರ.

ಆಸ್ಪತ್ರೆಯ ಆಗಿನ ಡೀನ್ ಡಾ. ಸಂಜಯ್ ಓಕ್ ಇದನ್ನು ವಿರೋಧಿಸಿ ಹೇಳಿಕೆ ಸಲ್ಲಿಸಿದರು. ಅರುಣಾ ತಮ್ಮ ಕುಟುಂಬದವರಂತೆ, ಅವರ ಸೇವೆ ಸಿಬ್ಬಂದಿಗೆ ಹೊರೆಯಲ್ಲ, ಕಾಲ ಬಂದಾಗ ಸಹಜವಾಗಿಯೇ ತೀರಿಕೊಳ್ಳಲಿ ಎಂಬುದು ಅವರ ನಿಲುವು. ಎರಡು ಪಕ್ಷದ ವರ್ಣನೆಗಳಲ್ಲಿ ಅಜಗಜಾಂತರ ಕಂಡ ನ್ಯಾಯಾಲಯ, ನರರೋಗ, ಮನೋರೋಗ ಮತ್ತು ಅರಿವಳಿಕೆ ವಿಭಾಗಗಳ ಮೂವರು ತಜ್ಞರ ಸಮಿತಿಯನ್ನು 2011ರ ಜನವರಿಯಲ್ಲಿ ರಚಿಸಿತು. ಸಮಿತಿ ಅರುಣಾ ಅವರನ್ನು ಪರೀಕ್ಷಿಸಿ ವರದಿ ನೀಡಿತು. ಮಿದುಳು ಸತ್ತಿಲ್ಲ, ಉಸಿರಾಟಕ್ಕೆ ಯಂತ್ರದ ನೆರವಿಲ್ಲ, ಕೈಕಾಲು ಸೆಟೆದುಕೊಂಡಿವೆ, ಶಾಶ್ವತ ಅರಿವಿಲ್ಲದ ಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದು ವರದಿ ಹೇಳಿತು. 2010ರ ಸೆಪ್ಟೆಂಬರಿನಲ್ಲಿ ಮಲೇರಿಯಾ ಬಂದು ಊಟ ಕಡಿಮೆಯಾದ ಮೇಲೆ ಮೂಗಿನ ಮೂಲಕ ಇಳಿಸಿದ ನಳಿಕೆಯಲ್ಲೂ ಆಹಾರ ಕೊಡಲಾಗುತ್ತಿತ್ತು.

ಪ್ರಕರಣದ ಗಂಟು ಇದ್ದದ್ದು ಇಲ್ಲಿ. ದಯಾಮರಣದ ಚರ್ಚೆಯಲ್ಲಿ ಜನರ ಕಣ್ಣಮುಂದೆ ಬರುವುದು ತೀವ್ರ ನಿಗಾ ಘಟಕ, ವೆಂಟಿಲೇಟರ್, ಅದರ ಗುಂಡಿ ಒತ್ತುವ ಕೈ. ಅರುಣಾ ಅವರಿಗೆ ಯಾವ ಯಂತ್ರವೂ ಇರಲಿಲ್ಲ. ನಿಲ್ಲಿಸಬೇಕಿದ್ದದ್ದು ದಾದಿಯರ ಕೈತುತ್ತನ್ನು. ಮೂವತ್ತೇಳು ವರ್ಷ ಉಣ್ಣಿಸಿದ ಕೈಗಳೇ ಉಣ್ಣಿಸುವುದನ್ನು ಬಿಡಬೇಕೆಂದು ಆದೇಶ ಕೊಡಿ ಎಂದು ಕೇಳಿದಂತಾಗಿತ್ತು. ವಿರಾನಿಯವರ ಕಾಳಜಿ ಸುಳ್ಳಾಗಿರಲಿಲ್ಲ. ದೃಷ್ಟಿಯಿಲ್ಲದೆ, ಮಾತಿಲ್ಲದೆ, ಹಲ್ಲುಗಳು ಹಾಳಾಗಿ, ಕೀಲುಗಳು ಮಡಚಿಕೊಂಡು ಮಲಗಿದ ಆ ದೇಹದ ಯಾತನೆಯನ್ನು ಲೋಕಕ್ಕೆ ತೋರಿಸಿದವರೇ ಅವರು. ದಾದಿಯರ ಮಮತೆಯೂ ಸುಳ್ಳಾಗಿರಲಿಲ್ಲ. ಆದರೆ ಆ ನಗೆ ನಿಜಕ್ಕೂ ಸಂತೋಷದ್ದೇ, ಆ ಕಿರುಚಾಟ ನೋವಿನದೇ ಎಂದು ಇಬ್ಬರೂ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಅರುಣಾ ಸ್ವತಃ ಏನು ಬಯಸುತ್ತಿದ್ದರು ಎಂಬುದಕ್ಕೆ ನ್ಯಾಯಾಲಯದ ಮುಂದೆ ಒಂದು ಸಾಲಿನ ಆಧಾರವೂ ಇರಲಿಲ್ಲ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ತೀರ್ಪಿತ್ತರು. ಅರ್ಜಿ ವಜಾ ಆಯಿತು. ಜೊತೆಗೇ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವುದಕ್ಕೆ, ಈ ದೇಶದಲ್ಲಿ ಮೊದಲ ಬಾರಿಗೆ ದಾರಿ ತೆರೆಯಿತು. ಮಾತನಾಡಲಾಗದ ರೋಗಿಯ ಪರವಾಗಿ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಹತ್ತಿರದ ಬಂಧುಗಳು, ಅವರಿಲ್ಲದಿದ್ದರೆ ಆಪ್ತರು ನಿರ್ಧರಿಸಬಹುದು, ಆದರೆ ಹೈಕೋರ್ಟಿನ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠದ ಒಪ್ಪಿಗೆ ಬೇಕು ಎಂದು ನ್ಯಾಯಾಲಯ ವಿಧಿಸಿತು. ಕೊಳ್ಳೆ ಹೊಡೆಯುವ ಬಂಧುಗಳಿರುವ ನಾಡಿನಲ್ಲಿ ಆಸ್ತಿಗಾಗಿ ಈ ಅಧಿಕಾರ ದುರ್ಬಳಕೆಯಾದೀತೆಂಬ ಭಯ ತೀರ್ಪಿನುದ್ದಕ್ಕೂ ಕಾಣುತ್ತದೆ.

ಅರುಣಾ ಅವರ ಆಪ್ತರು ಯಾರು ಎಂಬ ಪ್ರಶ್ನೆಗೂ ನ್ಯಾಯಾಲಯ ಉತ್ತರ ಕೊಡಬೇಕಾಯಿತು. ಅವರ ಬಗ್ಗೆ ಪುಸ್ತಕ ಬರೆದು, ಆಗಾಗ ಬಂದು ನೋಡಿದ ವಿರಾನಿಯವರಿಗಿಂತ ಹಗಲಿರುಳು ಸೇವೆ ಮಾಡಿದ ಕೆಇಎಂ ಸಿಬ್ಬಂದಿಯೇ ಹೆಚ್ಚು ಹತ್ತಿರದವರು ಎಂದು ತೀರ್ಮಾನವಾಯಿತು. ಸಿಬ್ಬಂದಿ ಮುಂದೆಂದಾದರೂ ಮನಸ್ಸು ಬದಲಿಸಿದರೆ ಮುಂಬಯಿ ಹೈಕೋರ್ಟಿಗೆ ಹೋಗಬಹುದೆಂಬ ಅವಕಾಶವನ್ನೂ ಉಳಿಸಲಾಯಿತು. ತೀರ್ಪು ಹೊರಬಿದ್ದ ದಿನ ಆಸ್ಪತ್ರೆಯಲ್ಲಿ ದಾದಿಯರು ಸಿಹಿ ಹಂಚಿದರು. ರಕ್ತಸಂಬಂಧವಿಲ್ಲದ, ಒಂದು ವೃತ್ತಿಯ ನಂಟು ಮಾತ್ರವಿದ್ದ ಹೆಂಗಸರ ಸಮೂಹವನ್ನು ಸರ್ವೋಚ್ಚ ನ್ಯಾಯಾಲಯ ಒಬ್ಬ ವ್ಯಕ್ತಿಯ ಮನೆಯವರೆಂದು ಒಪ್ಪಿಕೊಂಡದ್ದು ಆ ತೀರ್ಪಿನ ಅಪರೂಪದ ಅಂಶ. ದಯಾಮರಣದ ಗದ್ದಲದಲ್ಲಿ ಅದರ ಚರ್ಚೆ ಆಗಬೇಕಾದಷ್ಟು ಆಗಲಿಲ್ಲ.

ಹೊರದೇಶಗಳಲ್ಲೂ ಇಂಥ ವ್ಯಾಜ್ಯಗಳ ಫಲಿತಾಂಶ ಹತ್ತಿರದವರ ಒಮ್ಮತವನ್ನು ಅವಲಂಬಿಸಿತ್ತು. ಇಂಗ್ಲೆಂಡಿನಲ್ಲಿ 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಮಿದುಳಿಗೆ ಹಾನಿಯಾಗಿದ್ದ ಯುವಕ ಆಂಟನಿ ಬ್ಲ್ಯಾಂಡ್ ಪ್ರಕರಣದಲ್ಲಿ ಪೋಷಕರೂ ವೈದ್ಯರೂ ಒಂದೇ ಅಭಿಪ್ರಾಯದವರಾಗಿದ್ದರು. 1993ರಲ್ಲಿ ನಳಿಕೆಯ ಆಹಾರ ನಿಲ್ಲಿಸಲು ಅನುಮತಿ ಸಿಕ್ಕಿತು. ಭಾರತದ ತೀರ್ಪು ಬಹಳಷ್ಟು ಆಧರಿಸಿದ್ದು ಈ ಪ್ರಕರಣವನ್ನೇ. ಅಮೆರಿಕದ ಫ್ಲಾರಿಡಾದಲ್ಲಿ ಟೆರ್ರಿ ಶಿಯಾವೊ ಪ್ರಕರಣದಲ್ಲಿ ಗಂಡನದು ಒಂದು ಮಾತು, ತಂದೆ ತಾಯಿಯದು ಇನ್ನೊಂದು. ಆಕೆ ಏನನ್ನೂ ಬರೆದಿಟ್ಟಿರಲಿಲ್ಲ. ಜಗಳ ರಾಜ್ಯದ ಶಾಸನಸಭೆಗೆ ಹೋಯಿತು, ದೇಶದ ಸಂಸತ್ತಿಗೆ ಹೋಯಿತು, ಅಧ್ಯಕ್ಷ ಜಾರ್ಜ್ ಬುಷ್ ಅವರೇ ವಿಶೇಷ ಕಾನೂನಿಗೆ ಸಹಿ ಹಾಕಿದರು. 2005ರ ಮಾರ್ಚ್ 31ರಂದು ಆಕೆ ತೀರಿಕೊಂಡಾಗ ಹಾಸಿಗೆಯ ಪಕ್ಕದ ಒಂದು ನಿರ್ಧಾರ ಇಡೀ ರಾಷ್ಟ್ರದ ರಾಜಕೀಯವಾಗಿತ್ತು.

ಅರುಣಾ ತೀರ್ಪಿನ ನಂತರವೂ ನಾಲ್ಕು ವರ್ಷ ಬದುಕಿದರು. 2015ರ ಮೇ ತಿಂಗಳಲ್ಲಿ ನ್ಯುಮೋನಿಯಾ ಕಾಣಿಸಿಕೊಂಡಿತು. ನಾಲ್ಕನೇ ವಾರ್ಡಿನಿಂದ ತೀವ್ರ ನಿಗಾ ಘಟಕಕ್ಕೆ ಸಾಗಿಸಿ ವೆಂಟಿಲೇಟರ್ ಅಳವಡಿಸಲಾಯಿತು. ಪ್ರಕರಣದ ಉದ್ದಕ್ಕೂ ಇಲ್ಲದಿದ್ದ ಆ ಯಂತ್ರ ಬಂದದ್ದು ಕೊನೆಯ ದಿನಗಳಲ್ಲಿ. ಸುದ್ದಿ ತಿಳಿದು ಬಂಧುಗಳು ಬಂದರು. ಇಷ್ಟು ವರ್ಷ ಇಲ್ಲದವರಿಗೆ ಅಂತ್ಯಸಂಸ್ಕಾರದ ಹಕ್ಕು ಹೇಗೆ ಬಂತೆಂದು ದಾದಿಯರು ಆಕ್ಷೇಪಿಸಿದರು. ಕಡೆಗೆ ಡೀನ್ ಡಾ. ಅವಿನಾಶ್ ಸುಪೆ ಮತ್ತು ಸಂಬಂಧಿಕರೊಬ್ಬರು ಜೊತೆಗೂಡಿ ಚಿತೆಗೆ ಅಗ್ನಿಸ್ಪರ್ಶ ಮಾಡಿದರು.

ಅವರ ಹೆಸರಿನ ತೀರ್ಪು ಅಷ್ಟರಲ್ಲಾಗಲೇ ಪ್ರಶ್ನೆಗೊಳಗಾಗಿತ್ತು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲೇ ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ, ಅರುಣಾ ತೀರ್ಪು 1996ರ ಗ್ಯಾನ್ ಕೌರ್ ತೀರ್ಪನ್ನು ತಪ್ಪಾಗಿ ಓದಿದೆ ಎಂದು ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಕಂಡುಕೊಂಡು ವಿಷಯವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. 2018ರ ಮಾರ್ಚ್ 9ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಐವರ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆ ಎಂದು ಸಾರಿತು. ಲಿವಿಂಗ್ ವಿಲ್ ಎಂದು ಹೆಸರಾದ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ದೊರೆಯಿತು. ಆಸ್ತಿಯ ಉಯಿಲು ಬರೆದವರು ಸತ್ತ ಮೇಲೆ ಜಾರಿಗೆ ಬಂದರೆ, ಇದು ಬರೆದವರು ಇನ್ನೂ ಉಸಿರಾಡುತ್ತಿರುವಾಗಲೇ ಅವರ ಪರವಾಗಿ ಮಾತನಾಡುತ್ತದೆ. ಆದರೆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಷರತ್ತು, ಮೇಲಿಂದ ಮೇಲೆ ಮಂಡಳಿಗಳು, ಇವುಗಳಿಂದಾಗಿ ಐದು ವರ್ಷ ಅದು ಹೆಚ್ಚುಕಡಿಮೆ ಕಾಗದದ ಹಕ್ಕಾಗಿಯೇ ಉಳಿಯಿತು. ತೀವ್ರ ನಿಗಾ ತಜ್ಞರ ಸಂಘ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 2023ರ ಜನವರಿ 24ರಂದು ನಿಯಮಗಳು ಸಡಿಲಗೊಂಡವು. ಕರ್ನಾಟಕದ ಆರೋಗ್ಯ ಇಲಾಖೆ ಅವುಗಳನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದ್ದು 2025ರ ಜನವರಿ 30ರಂದು. ಹಳದೀಪುರದ ಮಗಳ ಪ್ರಕರಣದಿಂದ ಆರಂಭವಾದ ಕಾನೂನು ಹುಟ್ಟೂರಿನ ರಾಜ್ಯದ ಆಸ್ಪತ್ರೆಗಳಿಗೆ ಮುಟ್ಟಲು ಹದಿನಾಲ್ಕು ವರ್ಷ ಹಿಡಿಯಿತು.

ಈಗಿನ ಕ್ರಮ ಹೀಗಿದೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿ ಇಬ್ಬರೇ ಉಳಿದ ಹಿರಿಯ ದಂಪತಿ ಇಚ್ಛಾಪತ್ರ ಮಾಡಬೇಕೆಂದರೆ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ತಂತಮ್ಮ ಪತ್ರ ಬರೆದು ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಬೇಕು. ನೋಟರಿ ಇಲ್ಲವೇ ಪತ್ರಾಂಕಿತ ಅಧಿಕಾರಿ ದೃಢೀಕರಿಸಿದರೆ ಸಾಕು. ತಮಗೆ ಮಾತು ನಿಂತಾಗ ತಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನು ಅದರಲ್ಲಿ ಸೂಚಿಸಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ, ಅಂದರೆ ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರಿನಲ್ಲಿ ಬಂದ ಐದು ನಗರ ಪಾಲಿಕೆಗಳ ಪೈಕಿ ತಮ್ಮ ಬಡಾವಣೆ ಸೇರಿದ ಪಾಲಿಕೆಗೆ, ಒಪ್ಪಿಸಬೇಕು. ಮನಸ್ಸು ಬದಲಾದರೆ ಪತ್ರವನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಗುಣವಾಗದ ಕಾಯಿಲೆಯಲ್ಲಿ ಪತ್ರ ಹೊರತೆಗೆಯುವ ಸಮಯ ಬಂದಾಗ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಆಮೇಲೆ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರಿರುವ ಎರಡನೇ ಮಂಡಳಿ ಒಪ್ಪಬೇಕು. ಇಬ್ಬರಿಗೂ ನಲವತ್ತೆಂಟು ಗಂಟೆಯೊಳಗೆ ಅಭಿಪ್ರಾಯ ಹೇಳುವ ಸೂಚನೆಯಿದೆ. ಚಿಕಿತ್ಸೆ ಹಿಂತೆಗೆಯುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಪತ್ರ ಬರೆದಿಡದವರ ವಿಷಯದಲ್ಲೂ ಇದೇ ಎರಡು ಮಂಡಳಿಗಳು ಕೂರುತ್ತವೆ. ಆಗ ಒಪ್ಪಿಗೆ ಕೊಡಬೇಕಾದವರು ರೋಗಿಯ ಹತ್ತಿರದ ಬ���ಧು, ಆಪ್ತ ಅಥವಾ ಪೋಷಕ. ಮಂಡಳಿ ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬೇಕು.